ಏಳು ಜನ, ಒಂದು ತಟ್ಟೆ

ಮಾನ್ಯಾ ಎಣಿಸಿದಳು. ನಂಬಿಕೆ ಬರಲಿಲ್ಲ. ಮತ್ತೆ ಎಣಿಸಿದಳು.

ಜನ ಏಳು. ತಟ್ಟೆ ಒಂದು.

ತಟ್ಟೆಯೇನೋ ದೊಡ್ಡದೇ. ಅದರಲ್ಲಿ ಒಂದು ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಿತ್ತು. ನೆಲದ ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆಯ ನಡುವೆ ಅದು ಕೂತಿತ್ತು. ಸುತ್ತಲೂ ಇದಿಲ್, ಅವಳ ಅಪ್ಪ, ಅಮ್ಮ, ಅಜ್ಜಿ, ಚಿಕ್ಕಪ್ಪ, ಇಬ್ಬರು ತಮ್ಮಂದಿರು. ಎಲ್ಲರ ಕೈಗಳೂ ಒಟ್ಟಿಗೆ ಅನ್ನಕ್ಕಿಳಿದವು.

"ಬಾ ಮಾನ್ಯಾ, ಇಲ್ಲಿ ಜಾಗ ಇದೆ," ಎಂದು ಇದಿಲ್ ಪಕ್ಕಕ್ಕೆ ಸರಿದಳು. "ನೀನು ವೆಜಿಟೇರಿಯನ್ ಅಂತ ಅಮ್ಮ ಈ ಕಡೆ ಮಾಂಸ ಹಾಕಿಲ್ಲ. ಬಾಳೆಹಣ್ಣು ಇಟ್ಟಿದ್ದಾಳೆ. ಅನ್ನದ ಜೊತೆ ಕಚ್ಚಿಕೊಂಡು ತಿನ್ನೋದು."

"ಬೇಡ. ನನ್ನ ಹೊಟ್ಟೆ ಫುಲ್," ಎಂದಳು ಮಾನ್ಯಾ. ಹೊಟ್ಟೆ ಗುರ್ ಎಂದಿತು. ಮಾನ್ಯಾ ಕೆಮ್ಮಿ ಅದನ್ನು ಮುಚ್ಚಿದಳು.

ತಾನು ತಿಂದರೆ ಇವರಿಗೆ ಕಡಿಮೆ ಬೀಳುತ್ತದಲ್ಲ, ಪಾಪ!

ಇದಿಲ್‌ಳ ಮುಖ ಸ್ವಲ್ಪ ಸಣ್ಣಗಾಯಿತು. ಮಾನ್ಯಾ ಅದನ್ನು ನೋಡಲಿಲ್ಲ. ಅವಳು ಕೋಣೆಯನ್ನು ನೋಡುತ್ತಿದ್ದಳು. ಸೋಫಾ ಇಲ್ಲ. ಕುರ್ಚಿ ಇಲ್ಲ. ಗೋಡೆಯ ಉದ್ದಕ್ಕೂ ದಿಂಬು, ನೆಲಕ್ಕೆ ಕೆಂಪು ಕಾರ್ಪೆಟ್. ಪಲ್ಯಕ್ಕೂ ಗತಿಯಿಲ್ಲದೆ ಬಾಳೆಹಣ್ಣು. ಎಲ್ಲವನ್ನೂ ಮನಸ್ಸಿನಲ್ಲೇ ಬರೆದುಕೊಂಡಳು.

ಬರೆದುಕೊಳ್ಳಲೇಬೇಕಿತ್ತು. ಸ್ಕೂಲಿನಲ್ಲಿ ಮಿಸ್ ಡಾಬ್ಸನ್ 'ನಮ್ಮ ನೆರೆಹೊರೆ' ಎಂದು ಎಲ್ಲರಿಗೂ ಒಂದೊಂದು ಪ್ರಾಜೆಕ್ಟ್ ಕೊಟ್ಟಿದ್ದರು. ಮಾನ್ಯಾಳಿಗೆ ಸಿಕ್ಕಿದ್ದು: 'ಆಫ್ರಿಕನ್ ಕುಟುಂಬಗಳು ಮತ್ತು ಸೊಮಾಲಿ ಕುಟುಂಬಗಳು. ಯಾರು ಹೇಗೆ ಬದುಕುತ್ತಾರೆ?' ಪೋಸ್ಟರ್ ಮಾಡಬೇಕು. ಸುಲಭ! ಕ್ಲಾಸಿನಲ್ಲಿ ಘಾನಾದ ಕ್ವಾಕು ಇದ್ದ. ಸೊಮಾಲಿಯಾದ ಇದಿಲ್ ಅವಳ ಬೆಸ್ಟ್ ಫ್ರೆಂಡ್.

ಕ್ವಾಕುವಿನ ಮನೆಗೆ ಹಿಂದಿನ ವಾರವೇ ಹೋಗಿ ಬಂದಿದ್ದಳು. ಅಲ್ಲಿ ಎರಡು ಸೋಫಾ. ಕೊಂಡ ದಿನದ ಪ್ಲಾಸ್ಟಿಕ್ ಕವರ್ ಇನ್ನೂ ಅವುಗಳ ಮೇಲೇ ಇತ್ತು. ಸೆಕೆಗಾಲದಲ್ಲಿ ಅದರ ಮೇಲೆ ಕೂತು ಎದ್ದವರ ಅರ್ಧ ತೊಡೆ ಅಲ್ಲೇ ಉಳಿಯುತ್ತದೆ. ಗಾಜಿನ ಬೀರುವಿನಲ್ಲಿ ನೀಲಿ ಹೂವಿನ ಇಪ್ಪತ್ತನಾಲ್ಕು ತಟ್ಟೆ.

"ಇದ್ರಲ್ಲಿ ಊಟ ಮಾಡ್ತೀರಾ?" ಎಂದು ಮಾನ್ಯಾ ಕೇಳಿದ್ದಳು.

"ಹುಚ್ಚಾ ನಿನಗೆ? ಮುಟ್ಟಿದ್ರೆ ಅಮ್ಮ ಸಾಯಿಸ್ತಾಳೆ," ಎಂದಿದ್ದ ಕ್ವಾಕು. ಅವನು ತಿನ್ನುತ್ತಿದ್ದದ್ದು ಐಸ್‌ಕ್ರೀಮ್ ಡಬ್ಬಿಯಲ್ಲಿ.

ಇದಿಲ್ ಮನೆಯಿಂದ ಮಾನ್ಯಾ ಮೆಟ್ಟಿಲಿಳಿದೇ ಬಂದಳು. ನಾಲ್ಕನೇ ಮಹಡಿ. ಆ ಕಟ್ಟಡದ ಲಿಫ್ಟ್ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕೆಟ್ಟಿದ್ದು ಎಂದು ಅಲ್ಲಿಯವರ ನಂಬಿಕೆ. ಕಟ್ಟಡ ಕಟ್ಟಿದ್ದೇ ಆಮೇಲೆ ಎಂಬ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಕ್ವೀನ್ಸ್‌ಬರಿಯ ತಮ್ಮ ಮನೆಯಲ್ಲಿ ಅಜ್ಜಿ ಸುಶೀಲಾಬಾಯಿ ಹೀಟರಿಗೆ ಬೆನ್ನು ಕೊಟ್ಟು ಕೂತಿದ್ದರು. ಧಾರವಾಡದಿಂದ ಬಂದು ಎಂಟು ತಿಂಗಳಾದರೂ ಅವರ ಬೆನ್ನು ಇನ್ನೂ ಲಂಡನ್ನಿಗೆ ಬಂದಿರಲಿಲ್ಲ. ಮಾನ್ಯಾ ಎಲ್ಲವನ್ನೂ ಹೇಳಿದಳು.

"ಏಳು ಮಂದಿಗೆ ಒಂದ ಗಂಗಾಳನ?" ಅಜ್ಜಿಯ ಕಣ್ಣುಗಳು ಅಗಲವಾದವು. "ಒಬ್ಬರದು ಒಬ್ಬರಿಗೆ ಎಂಜಲ ಆಗೂದಿಲ್ಲನ?"

"ಪ್ಲೇಟೇ ಇಲ್ದಿದ್ರೆ ಏನ್ ಮಾಡ್ತಾರೆ ಅಜ್ಜಿ?"

"ಖರೇ. ಬಡತನಕ್ಕ ಎಂಜಲ ಎಲ್ಲೀದು." ಅಜ್ಜಿ ತಲೆ ಅಲ್ಲಾಡಿಸಿದರು. "ಲಡಾಯಿದಾಗ ಎಲ್ಲಾ ಬಿಟ್ಟು ಓಡಿ ಬಂದಾರ. ಗಂಗಾಳ ಕಟಗೊಂಡು ಯಾರ ಓಡ್ತಾರ?"

ಅಜ್ಜಿ ಎದ್ದರು. ಮಂಚದ ಕೆಳಗಿನ ಟ್ರಂಕ್ ಎಳೆದರು. ಅದರಲ್ಲಿ ಸ್ಟೀಲ್ ತಟ್ಟೆಗಳಿದ್ದವು, ವಿಮಾನದಲ್ಲಿ ಬಂದವು. ಒಂದೊಂದರ ಅಂಚಿನಲ್ಲೂ ಅದನ್ನು ಉಡುಗೊರೆ ಕೊಟ್ಟವರ ಹೆಸರು ಕೆತ್ತಿತ್ತು: ವಾಸು, ಶೋಭಾ, ಆನಂದತೀರ್ಥ, ಸತ್ಯಪ್ರಕಾಶ. ಹೆಸರು ಕೆತ್ತದೆ ಪಾತ್ರೆ ಕೊಡುವವರನ್ನು ಅಜ್ಜಿ ನಂಬುತ್ತಿರಲಿಲ್ಲ.

"ಆರು ಒಯ್ದು ಕೊಡು. ಅವರದೊಂದು ಐತಲ್ಲಾ. ಲೆಕ್ಕ ಸರಿ ಆತು."

ಸೋಮವಾರ ಮಾನ್ಯಾ ಸ್ಕೂಲಿಗೆ ಹೋದಾಗ ಅವಳ ಬ್ಯಾಗು ದಾರಿಯುದ್ದಕ್ಕೂ ಝಣ್ ಝಣ್ ಎನ್ನುತ್ತಿತ್ತು. ಬಸ್ಸಿನಲ್ಲಿ ಒಬ್ಬ ಮುದುಕ ಅದನ್ನೇ ಬೆಲ್ ಎಂದುಕೊಂಡು, ತನ್ನ ಸ್ಟಾಪ್ ಬಂತೆಂದು ಎದ್ದು ಇಳಿದೇಬಿಟ್ಟ.

"ಈಗ ಮಾನ್ಯಾ!" ಎಂದರು ಮಿಸ್ ಡಾಬ್ಸನ್.

ಮಾನ್ಯಾ ಪೋಸ್ಟರ್ ಬಿಚ್ಚಿದಳು. ಎರಡು ಸಾಲು, ಬಣ್ಣಬಣ್ಣದ ಚಿತ್ರ. "ಆಫ್ರಿಕನ್ ಮನೆ," ಎಂದು ಗಟ್ಟಿಯಾಗಿ ಓದಿದಳು. "ಸೋಫಾ ಎರಡು, ಕುರ್ಚಿ ಆರು, ತಟ್ಟೆ ಇಪ್ಪತ್ತನಾಲ್ಕು. ಸೊಮಾಲಿ ಮನೆ: ಸೋಫಾ ಸೊನ್ನೆ, ಕುರ್ಚಿ ಸೊನ್ನೆ, ತಟ್ಟೆ ಒಂದು. ಆದ್ದರಿಂದ ಸೊಮಾಲಿಗಳು ಹೆಚ್ಚು ಬಡವರು."

ಕ್ವಾಕು ಕೈ ಎತ್ತಿದ. "ಮಿಸ್, ಸೊಮಾಲಿಯಾ ಆಫ್ರಿಕಾದಲ್ಲೇ ಇದೆಯಲ್ವಾ?"

ಮಿಸ್ ಡಾಬ್ಸನ್ ಗೋಡೆಯ ಮ್ಯಾಪ್ ನೋಡಿದರು. ಮ್ಯಾಪ್ ಅವರ ಪರವಾಗಿ ಇರಲಿಲ್ಲ. "ಹಾಂ... ಇದೆ. ಆದರೆ ಎಲ್ಲ ಕಡೆ ಹಾಗೇ ಬೇರೆ ಬೇರೆ ಬರೀತಾರಪ್ಪ."

"ಹಾಗಾದ್ರೆ ನಾನು ಯಾವುದು ಮಿಸ್?" ಎಂದು ಇದಿಲ್ ಮೆಲ್ಲಗೆ ಕೇಳಿದಳು.

ಮಿಸ್ ಉತ್ತರ ಹುಡುಕುವುದರೊಳಗೆ ಹಿಂದಿನ ಸಾಲಿನಿಂದ ಡ್ಯಾರೆನ್ ಕೂಗಿದ. "ಒಂದೇ ಪ್ಲೇಟಾ? ಊಟಕ್ಕೆ ಕ್ಯೂ ನಿಲ್ತೀರಾ?"

ಕ್ಲಾಸೆಲ್ಲ ನಕ್ಕಿತು.

ಮಾನ್ಯಾಳಿಗೆ ಸಿಟ್ಟು ಬಂತು. ತನ್ನ ಫ್ರೆಂಡನ್ನು ನೋಡಿ ನಗುತ್ತಾರಲ್ಲ! ಇದಕ್ಕೆ ತನ್ನ ಬಳಿ ಮದ್ದಿದೆ. ಅವಳು ಬ್ಯಾಗಿಗೆ ಕೈ ಹಾಕಿ, ಆರು ತಟ್ಟೆಗಳನ್ನೂ ತೆಗೆದು, ಇದಿಲ್ ಮುಂದೆ ಝಣಾರೆಂದು ಇಟ್ಟಳು.

"ತಗೋ ಇದಿಲ್. ಇನ್ಮೇಲೆ ನಿಮ್ಮನೇಲಿ ಎಲ್ಲರಿಗೂ ಒಂದೊಂದು. ಫ್ರೀ."

ಈಗ ಕ್ಲಾಸು ಇನ್ನೂ ಜೋರಾಗಿ ನಕ್ಕಿತು.

ಇದಿಲ್ ಅಳಲಿಲ್ಲ. ತಟ್ಟೆಗಳನ್ನು ನೋಡಿದಳು. ಮಾನ್ಯಾಳನ್ನು ನೋಡಿದಳು. "ನಮ್ಮನೇಲಿ ಬೀರು ತುಂಬ ತಟ್ಟೆ ಇದೆ," ಎಂದಳು. ತನ್ನ ಪೆನ್ಸಿಲ್ ಬಾಕ್ಸ್ ಎತ್ತಿಕೊಂಡು ಹೋಗಿ ಕ್ವಾಕು ಪಕ್ಕದಲ್ಲಿ ಕೂತಳು.

ಅವತ್ತು ಪೂರ್ತಿ ಮಾತಾಡಲಿಲ್ಲ. ಮರುದಿನವೂ ಇಲ್ಲ. ಮಾನ್ಯಾ ಎರೇಸರ್ ಕೇಳಿದರೆ ಎರೇಸರ್ ಕೊಟ್ಟಳು, ಗೋಡೆಗೆ ಕೊಟ್ಟ ಹಾಗೆ.

ಆಟದ ಬಯಲಿನಲ್ಲಿ ಮಾನ್ಯಾ ಕ್ವಾಕುವನ್ನು ಹಿಡಿದಳು. "ಬೀರು ತುಂಬ ತಟ್ಟೆ ಇದ್ರೆ ಒಂದರಲ್ಲೇ ಯಾಕೆ ತಿಂತಾರೆ?"

"ನಿನಗೆ ಗೊತ್ತಿಲ್ವಾ?" ಕ್ವಾಕು ಚೆಂಡು ಪುಟಿಸುತ್ತ ಹೇಳಿದ. "ಘಾನಾದಲ್ಲಿ, ಕುಮಾಸಿಯ ನಮ್ಮಜ್ಜಿ ಮನೇಲೂ ಹಂಗೇ. ಒಂದು ದೊಡ್ಡ ಬೋಗುಣಿ, ಕಸಿನ್ಸ್ ಎಲ್ಲ ಸುತ್ತ. ಲೇಟಾಗಿ ಬಂದ್ರೆ ಮೀನು ಖಾಲಿ."

"ಮತ್ತೆ ಇಲ್ಲಿ ಯಾಕೆ ಐಸ್‌ಕ್ರೀಮ್ ಡಬ್ಬಿ?"

"ಇಲ್ಲಿ ಅಮ್ಮ ನರ್ಸು, ನೈಟ್ ಶಿಫ್ಟು. ಅಪ್ಪಂಗೆ ಎರಡು ಕೆಲಸ. ಬೋಗುಣಿ ಇಟ್ಕೊಂಡು ನಾನೊಬ್ನೇ ಸುತ್ತ ಕೂತ್ಕೊಳ್ಳಾ?"

ಮಾನ್ಯಾಳಿಗೆ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು.

"ಇದಿಲ್ ಅಪ್ಪ ಅವರ ಊರಲ್ಲಿ ಮ್ಯಾಥ್ಸ್ ಟೀಚರ್," ಎಂದ ಕ್ವಾಕು. "ಇಲ್ಲಿ ಇರೋಕೆ ಪೇಪರ್ಸ್ ಬರೋ ತನಕ ಕೆಲಸ ಮಾಡೋ ಹಾಗಿಲ್ಲ. ಅದಕ್ಕೆ ಮನೇಲೇ ಇರ್ತಾರೆ."

"ಪಾಪ."

"ಪಾಪಾನಾ? ಅವಳಪ್ಪ ದಿನಾ ಅವಳನ್ನ ಕರ್ಕೊಂಡು ಹೋಗೋಕೆ ಗೇಟಿಗೆ ಬರ್ತಾರೆ. ನಮ್ಮಪ್ಪನ್ನ ನಾನು ನೋಡೋದು ಭಾನುವಾರ ಚರ್ಚಲ್ಲಿ. ಅಲ್ಲೂ ನಿದ್ದೆ ಮಾಡ್ತಿರ್ತಾರೆ." ಚೆಂಡು ಅವನ ಕೈತಪ್ಪಿ ಉರುಳಿತು. ಅವನು ಅದರ ಹಿಂದೆ ಓಡಿದ.

ಮನೆಯಲ್ಲಿ ತಟ್ಟೆಗಳು ಬ್ಯಾಗಿನಿಂದ ಹೊರಬಂದಾಗ ಅಮ್ಮ ಕಲ್ಯಾಣಿ ಆಗಷ್ಟೇ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಕೋಟು ಬಿಚ್ಚುತ್ತಿದ್ದಳು. ಕತೆಯೆಲ್ಲ ಕೇಳಿ ಒಂದು ತೋಳು ಕೋಟಿನಲ್ಲೇ ಇರುವಂತೆ ಕೂತುಬಿಟ್ಟಳು.

"ಏನತ್ತೆ ಇದು!"

"ನಾ ಒಳ್ಳೇದಕ್ಕ ಮಾಡ್ದೆ," ಎಂದರು ಅಜ್ಜಿ. ಆದರೆ ಧ್ವನಿ ಧಾರವಾಡದಷ್ಟು ಗಟ್ಟಿಯಾಗಿರಲಿಲ್ಲ.

"ಪುಟ್ಟಿ, ಯಾಕೆ ಒಂದೇ ತಟ್ಟೆ ಅಂತ ನೀನು ಇದಿಲ್‌ನ ಕೇಳಿದ್ಯಾ?"

"ಇಲ್ಲ. ಕೇಳಿದ್ರೆ ಅವಳಿಗೆ ಬೇಜಾರಾಗುತ್ತೆ ಅಂತ ಕೇಳ್ಲಿಲ್ಲ."

"ಈಗ ಬೇಜಾರಾಗಿಲ್ವಾ?"

ಮಾನ್ಯಾ ಮೂಗು ಒರೆಸಿಕೊಂಡಳು. "ಅವಳು ಕ್ವಾಕು ಪಕ್ಕ ಕೂತ್ಕೋತಾಳಮ್ಮ. ಅವಳಿಗೆ ಇನ್ನು ಅವನೇ ಬೆಸ್ಟ್ ಫ್ರೆಂಡ್ ಆಗ್ಬಿಡ್ತಾನೆ."

ಅಮ್ಮ ಫೋನ್ ಎತ್ತಿದಳು. ಇದಿಲ್‌ಳ ಅಮ್ಮ ಆ ಕಡೆಯಿಂದ ಏನೋ ಹೇಳಿ ಜೋರಾಗಿ ನಕ್ಕದ್ದು ಇಲ್ಲಿಗೂ ಕೇಳಿಸಿತು. "ಶನಿವಾರ ಊಟಕ್ಕೇ ಬರಬೇಕಂತೆ," ಎಂದಳು ಅಮ್ಮ. "ನನಗೆ ಡ್ಯೂಟಿ ಇದೆ. ನಿನ್ನ ಅಲ್ಲಿ ಬಿಟ್ಟು ಹೋಗ್ತೀನಿ."

"ನಾನೂ ಬರ್ತೀನಿ," ಎಂದರು ಅಜ್ಜಿ. "ಗಂಗಾಳ ಕೊಟ್ಟಾಕಿ ನಾನು."

ಶನಿವಾರ ಅಜ್ಜಿ ನಾಲ್ಕು ಮಹಡಿ ಹತ್ತಿದರು. ಪ್ರತಿ ಮಹಡಿಯಲ್ಲೂ ನಿಂತು ಲಿಫ್ಟನ್ನು ಬೈದರು. ಅವರು ಬೈದದ್ದು ಕೇಳಿದ್ದರೆ ಆ ಲಿಫ್ಟ್ ನಾಚಿಕೆಯಿಂದಲಾದರೂ ಮೇಲೆ ಬರುತ್ತಿತ್ತು.

ಬಾಗಿಲು ತೆಗೆದದ್ದು ಇದಿಲ್. "ಒಳಗೆ ಬನ್ನಿ ಅಜ್ಜಿ," ಎಂದು ಅಜ್ಜಿಗೆ ಮಾತ್ರ ಹೇಳಿದಳು.

ಒಳಗೆ ಹೋದ ಅಜ್ಜಿ ಕೋಣೆಯನ್ನು ನೋಡಿದರು. ಅವರ ಮುಖ ಅರಳಿತು. "ಅಬ್ಬಾ, ನೆಲಾ!" ಎನ್ನುತ್ತ ಚಕ್ಕಂಬಕ್ಕಳ ಹಾಕಿ ದಿಂಬಿಗೆ ಒರಗಿದರು. "ಈ ಊರಿಗೆ ಬಂದಾಗಿಂದ ಎಲ್ಲಾರೂ ಸೋಫಾದ ಮ್ಯಾಲೆ ನೇತುಹಾಕ್ತಾರ ನನ್ನ. ಇದ ನೋಡವ್ವಾ ಕೂಡೂದಂದ್ರ!"

ಪಕ್ಕದಲ್ಲಿ ಕೂತಿದ್ದ ಇದಿಲ್‌ಳ ಅಜ್ಜಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೂ ಹೌದು ಹೌದೆಂದು ತಲೆಯಾಡಿಸಿ, ಇವರ ಮೊಣಕಾಲು ಸವರಿದರು.

"ಅವರಿಗೆ ಹೇಳು ಮಾನ್ಯಾ. ಗೊತ್ತಿಲ್ದ ಮಾಡ್ದೆ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ಅಂತ."

ಮಾನ್ಯಾ ಇಂಗ್ಲಿಷಿನಲ್ಲಿ ಹೇಳಿದಳು. ಇದಿಲ್‌ಳ ಅಮ್ಮ ನಕ್ಕರು. ಬೀರು ತೆರೆದು ತೋರಿಸಿದರು. ಒಳಗೆ ಚಿನ್ನದ ಅಂಚಿನ ತಟ್ಟೆಗಳು ಗೋಪುರದಂತೆ ನಿಂತಿದ್ದವು.

"ನಮ್ಮಲ್ಲಿ ಯಾರಾದರೂ ಬೇರೆ ತಟ್ಟೆಯಲ್ಲಿ ತಿಂದರೆ ಎಲ್ಲರೂ ಕೇಳ್ತಾರೆ," ಎಂದರು ಅವರು. "ಹುಷಾರಿಲ್ವಾ? ಇಲ್ಲಾ, ಜಗಳ ಆಡಿದ್ದೀರಾ? ಅಂತ."

ಆಮೇಲೆ ದೊಡ್ಡ ತಟ್ಟೆ ಬಂತು. ಅವತ್ತು ಮಾಂಸವೇ ಇರಲಿಲ್ಲ. ಹಳದಿ ಅನ್ನ, ಆಲೂಗಡ್ಡೆ, ಹುರಿದ ಒಣದ್ರಾಕ್ಷಿ, ಸುತ್ತ ಬಾಳೆಹಣ್ಣು. ಅಜ್ಜಿ ತನಗೆ ಏಕಾದಶಿ ಎಂದು ಹೇಳಿ ಬಾಳೆಹಣ್ಣು ಮಾತ್ರ ತೆಗೆದುಕೊಂಡರು. ಆ ತಿಂಗಳು ಅಜ್ಜಿಗೆ ಅದು ಮೂರನೇ ಏಕಾದಶಿ.

ಇದಿಲ್‌ಳ ಅಮ್ಮ ಚಿನ್ನದಂಚಿನ ಒಂದು ತಟ್ಟೆಯನ್ನು ಮಾನ್ಯಾಳ ಕಡೆ ಚಾಚಿದರು. "ನಿನಗೆ ಅಭ್ಯಾಸ ಇಲ್ಲ ಅಲ್ವಾ? ಇದರಲ್ಲಿ ಹಾಕಿ ಕೊಡ್ಲಾ?"

ಇದಿಲ್ ಕತ್ತೆತ್ತಲಿಲ್ಲ. ಆದರೆ ಅವಳ ಕೈ ಅನ್ನದ ಮೇಲೆ ನಿಂತೇ ಇತ್ತು.

ಮಾನ್ಯಾ ತಟ್ಟೆ ನೋಡಿದಳು. ಚೆಂದದ ತಟ್ಟೆ. ಎಂಜಲು ಎನ್ನುವ ಅಜ್ಜಿಯ ಮಾತು ಕಿವಿಯಲ್ಲಿ ಒಮ್ಮೆ ಹಾದುಹೋಯಿತು. ಅವಳು ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಬಾಳೆಹಣ್ಣಿನ ಸಿಪ್ಪೆಯನ್ನೇ ಬಹಳ ಗಮನದಿಂದ ಓದುತ್ತಿದ್ದರು.

"ಬೇಡ ಆಂಟಿ," ಎಂದಳು ಮಾನ್ಯಾ. ಖಾಲಿಯಿದ್ದ ಒಂದೇ ಜಾಗಕ್ಕೆ, ಇದಿಲ್ ಪಕ್ಕಕ್ಕೆ, ಹೋಗಿ ಕೂತಳು.

ಹತ್ತಿರದಿಂದ ನೋಡಿದಾಗ ಗೊತ್ತಾಯಿತು. ಯಾರ ಕೈಯೂ ಇನ್ನೊಬ್ಬರ ಮುಂದಿನ ಅನ್ನಕ್ಕೆ ಹೋಗುತ್ತಿರಲಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದೆ ಮಾತ್ರ ಒಂದು ಸಣ್ಣ ಗುಂಡಿ ತೋಡುತ್ತಿದ್ದರು. ಮಾನ್ಯಾಳೂ ತೋಡಿದಳು. ಬಾಳೆಹಣ್ಣು ಕಚ್ಚಿ, ಅನ್ನ ಬಾಯಿಗಿಟ್ಟಳು. ಆಹಾ!

"ಸಾರಿ ಇದಿಲ್," ಎಂದಳು ಬಾಯಲ್ಲಿ ಅನ್ನವಿದ್ದಂತೆಯೇ. "ನಿನ್ನ ಕೇಳಬೇಕಿತ್ತು."

ಇದಿಲ್ ತಿನ್ನುತ್ತ ಹೋದಳು.

ಸ್ವಲ್ಪ ಹೊತ್ತಾದ ಮೇಲೆ ಅವಳ ಬೆರಳು ತನ್ನ ಕಡೆಯ ದ್ರಾಕ್ಷಿಗಳನ್ನು ಒಂದೊಂದಾಗಿ ಆರಿಸತೊಡಗಿತು. ಚಿಕ್ಕ ಗುಡ್ಡೆಯಾಯಿತು. ಆ ಗುಡ್ಡೆಯನ್ನು ಅವಳು ಮೆಲ್ಲಗೆ ಮಾನ್ಯಾಳ ಕಡೆ ತಳ್ಳಿದಳು. ಮುಖ ಮಾತ್ರ ಕಿಟಕಿಯ ಕಡೆಗಿತ್ತು.

"ಏಯ್! ಅವಳಿಗೆ ಮಾತ್ರ ಯಾಕೆ?" ಎಂದ ದೊಡ್ಡ ತಮ್ಮ.

"ಗೆಸ್ಟ್‌ಗೆ ಕೊಡ್ಬೇಕು. ಸುಮ್ನಿರು," ಎಂದಳು ಇದಿಲ್.

ಗೆಸ್ಟ್. ಮಾನ್ಯಾಳ ಕೈ ನಿಂತಿತು. ಅವಳು ದ್ರಾಕ್ಷಿಗಳಲ್ಲಿ ಅರ್ಧ ತೆಗೆದು ವಾಪಸ್ ಇದಿಲ್ ಕಡೆ ತಳ್ಳಿದಳು.

"ನಾನು ಗೆಸ್ಟ್ ಅಲ್ಲ," ಎಂದಳು, ತನಗೇ ಕೇಳಿಸದಷ್ಟು ಸಣ್ಣಗೆ.

ಇದಿಲ್ ಆ ದ್ರಾಕ್ಷಿಗಳನ್ನು ನೋಡಿದಳು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಳು.

ಇಬ್ಬರೂ ತಿನ್ನುತ್ತ ಹೋದರು. ಅವರ ನಡುವಿನ ಅನ್ನದ ಗೋಡೆ ಎರಡೂ ಕಡೆಯಿಂದ ತೆಳ್ಳಗಾಗುತ್ತ ಬಂದು, ಕೊನೆಗೆ ಜರಿದು ಬಿತ್ತು. ಎರಡು ಗುಂಡಿಗಳು ಸೇರಿ ಒಂದಾದವು.