ಸಿಗ್ನಲ್ ನೋಡುವವನು

"ಇಲ್ಲಿಗೆ ಬರೋಕೆ ನಿನಗೆ ನಾಚಿಕೆ ಆಗಲ್ವಾ?"

ಬಂಡೆಯ ಅಂಚಿಗೆ ಕೈಯೂರಿ ತಲೆ ಮೇಲೆತ್ತಿದವಳ ಬಾಯಿಂದ ಬಂದ ಮೊದಲ ಮಾತು ಇದು. ಉಸಿರು ಇನ್ನೂ ನೆಟ್ಟಗೆ ಬರುತ್ತಿರಲಿಲ್ಲ. ಮೊಣಕಾಲು ತರಚಿ ಉರಿಯುತ್ತಿತ್ತು. ಬೆನ್ನಿಗೆ ಕ್ಯಾಮೆರಾ ಚೀಲ, ಕಂಕುಳಲ್ಲಿ ಸ್ಟ್ಯಾಂಡು. ಆದರೂ ಬೈಯುವುದಕ್ಕೆ ಮಾತ್ರ ಶಕ್ತಿ ಉಳಿದಿತ್ತು ನೋಡಿ!

ಬಂಡೆಯ ಮೇಲೆ ಕೂತಿದ್ದವನು ಗಡಬಡಿಸಿ ಎದ್ದು ಕೈ ಚಾಚಿದ. ಅವಳು ಆ ಕೈ ಕಂಡೇ ಇಲ್ಲವೆನ್ನುವಂತೆ ತಾನೇ ತೆವಳಿಕೊಂಡು ಹತ್ತಿದಳು.

ಅವನು ಲಿಫ್ಟ್ ರಿಪೇರಿ ಮಾಡುವವನು. ಅವಳು ಅವನನ್ನು ಕರೆಯುತ್ತಿದ್ದುದೂ 'ಲಿಫ್ಟು' ಎಂದೇ. ಕಳೆದ ಬೇಸಿಗೆಯವರೆಗೂ ಅವಳು ಮದುವೆಯಾಗಬೇಕಿದ್ದ ಹುಡುಗ. ಈಗ ಯಾರೂ ಅಲ್ಲ. ಹಾಗಂತ ಅವಳೇ ತೀರ್ಮಾನ ಮಾಡಿಬಿಟ್ಟಿದ್ದಳು.

ಅವಳಿಗೆ ಪೇಟೆಯ ಫೋಟೋ ಸ್ಟುಡಿಯೋದಲ್ಲಿ ಕೆಲಸ. ಬೆಳಗಿನಿಂದ ಸಂಜೆವರೆಗೆ ಪಾಸ್‌ಪೋರ್ಟ್ ಸೈಜಿನ ಮುಖಗಳು. ಗದ್ದ ಸ್ವಲ್ಪ ಮೇಲೆ, ಕಣ್ಣು ಮಿಟುಕಿಸಬೇಡಿ ಎಂದು ಹೇಳಿ ಹೇಳಿ ಮನುಷ್ಯರ ಮುಖವೆಂದರೇ ಸಾಕಾಗಿತ್ತು. ಅದಕ್ಕೇ ರಜೆ ಬಂದರೆ ರೈಲು, ಬರೀ ರೈಲು. ಈ ಹುಚ್ಚಿಗೆ ಅಪ್ಪ ಅಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಾಗ ಚೀಲ ಹೊತ್ತುಕೊಂಡು ಹಿಂದೆ ಬಂದವನು ಇವನೊಬ್ಬನೇ.

ಈ ಬಂಡೆಯನ್ನು ಹುಡುಕಿದ್ದೂ ಇಬ್ಬರೂ ಸೇರಿಯೇ. ಎರಡೂ ಕಡೆ ಕಡಿದಾದ ಬೆಟ್ಟ, ನಡುವಿನ ಕಮರಿಯಲ್ಲಿ ಭೋರ್ಗರೆಯುವ ನದಿ, ಅದರ ಮೇಲೆ ಕಲ್ಲುಕಂಬಗಳ ಹಳೆಯ ರೈಲುಸೇತುವೆ. ಇಲ್ಲಿ ನಿಂತರೆ ಸೇತುವೆ ಪೂರ್ತಿಯಾಗಿ ಒಂದೇ ಚಿತ್ರದಲ್ಲಿ ಕೂರುತ್ತಿತ್ತು. ತೊಂದರೆಯೆಂದರೆ ನೀರಿನ ಸದ್ದಿನಲ್ಲಿ ರೈಲು ಬಂದದ್ದೇ ಕೇಳಿಸುವುದಿಲ್ಲ. ಹಾಗಾಗಿ ಕೆಲಸ ಹಂಚಿಕೊಂಡಿದ್ದರು. ಅವಳ ಕಣ್ಣು ಕ್ಯಾಮೆರಾದಲ್ಲಿ, ಅವನ ಕಣ್ಣು ಆಚೆ ದಡದ ಸಿಗ್ನಲ್ ಮೇಲೆ. ಅದು ಹಸಿರಾದ ಕೂಡಲೇ ಅವನು ಅವಳ ಹೆಗಲು ತಟ್ಟಬೇಕು.

ಈ ಜಾಗ ಇಬ್ಬರ ನಡುವೆಯೇ ಇರಬೇಕೆಂದು ಮಾತಾಗಿತ್ತು. ಆದರೆ ಬೇಸಿಗೆಯಲ್ಲಿ ಒಂದು ದಿನ ಬಂದು ನೋಡಿದರೆ ಬಂಡೆಯ ತುಂಬ ಜನ! ಕ್ಯಾಮೆರಾಗೆ ಅಡ್ಡ ಬರುತ್ತದೆಂದು ಯಾರೋ ಇದ್ದೊಂದು ನೆರಳಿನ ಮರವನ್ನೂ ಕಡಿದು ಹಾಕಿದ್ದರು. ಗೊತ್ತಿದ್ದವರು ಇಬ್ಬರೇ. ಅವಳು ಹೇಳಿಲ್ಲ. ಅಂದಮೇಲೆ ಹೇಳಿದವರು ಯಾರು?

ಅವನನ್ನು ಕೇಳಿದ್ದಳು. ಅವನು ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದ. ಅವತ್ತಿಗೆ ಮದುವೆಯ ಮಾತು ಮುರಿದುಬಿತ್ತು.

ನಾಳೆಯಿಂದ ರೈಲುಗಳೆಲ್ಲ ಹೊಸ ಸುರಂಗದ ದಾರಿ ಹಿಡಿಯುತ್ತವೆ. ಈ ಸೇತುವೆಯ ಮೇಲೆ ಇವತ್ತಿನದೇ ಕೊನೆಯ ರೈಲು. ಮಳೆಗೆ ಹಳ್ಳ ದಾಟುವ ಕಾಲುಸಂಕ ಕೊಚ್ಚಿಹೋದ ಮೇಲೆ ಇಲ್ಲಿಗೆ ಯಾರೂ ಬರುತ್ತಿರಲಿಲ್ಲ. ಬೆಟ್ಟ ಸುತ್ತಿ, ಮುಳ್ಳಿನಲ್ಲಿ ನುಸುಳಿ, ಒದ್ದೆ ಬಂಡೆಗಳ ಮೇಲೆ ಜಾರುತ್ತಾ ಬರಬೇಕು. ಹಾಗೆ ಬಂದವಳಿಗೆ ಎದುರಾಗಬೇಕಾದ ಮುಖ ಇದೇನಾ?

ಅವಳು ಸ್ಟ್ಯಾಂಡು ಬಿಚ್ಚಿ ಕ್ಯಾಮೆರಾ ಕೂರಿಸಿದಳು. ಆಮೇಲೆ ಗಮನಿಸಿದರೆ ಅವನ ಹತ್ತಿರ ಕ್ಯಾಮೆರಾ ಇರಲಿಲ್ಲ.

"ಬರಿಗೈಲಿ ಯಾಕೆ ಬಂದೆ?"

"ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು. ಸಿಗ್ನಲ್ ನೋಡೋಕೆ ಒಬ್ರು ಬೇಕಲ್ಲ."

ಅಬ್ಬಾ, ಎಂಥ ಭಂಡತನ! ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸಿಗ್ನಲ್ ನೋಡಲು ತನಗೂ ಎರಡು ಕಣ್ಣಿವೆ ಎಂದಳು. ಸೇತುವೆಗೆ ಬೆನ್ನು ಹಾಕಿ, ಸೊಂಟದ ಮೇಲೆ ಕೈಯಿಟ್ಟು ಅವನೆದುರು ನಿಂತಳು. ಕೊನೆಯ ಓಟವಾದ್ದರಿಂದ ರೈಲು ಪ್ರತಿ ಸ್ಟೇಷನ್‌ನಲ್ಲೂ ನಿಂತು ನಿಧಾನವಾಗಿ ಬರುತ್ತದೆ, ಅಷ್ಟರಲ್ಲಿ ಇವನಿಗೊಂದು ಗತಿ ಕಾಣಿಸಬಹುದು ಎನ್ನುವುದು ಅವಳ ಲೆಕ್ಕ.

ಒಳಗೆ ಕಟ್ಟಿಟ್ಟದ್ದೆಲ್ಲ ಹೊರಗೆ ಬಂತು. ಕಡಿದ ಮರದ ಬುಡ ತೋರಿಸಿ ಬೈದಳು. ಬಂಡೆಯ ಮೇಲೆ ಯಾರೋ ಗೀಚಿದ ಹೆಸರುಗಳನ್ನು ತೋರಿಸಿ ಬೈದಳು. ಅಮ್ಮನ ಮುಂದೆ ಇವನನ್ನು ಹೊಗಳಿ ಅಟ್ಟಕ್ಕೇರಿಸಿದ್ದನ್ನು ನೆನೆದು ತನ್ನನ್ನೂ ಬೈದುಕೊಂಡಳು. ಇವನಿಲ್ಲದೆ ಕಳೆದ ಸಂಜೆಗಳ ಸಂಕಟವೂ ಅದರಲ್ಲಿ ಸೇರಿತ್ತು. ಆದರೆ ಅದನ್ನೂ ಬೈಗುಳದ ಧಾಟಿಯಲ್ಲೇ ಹೇಳಿದಳು.

ಅವನು ಮೆಲ್ಲಗೆ ಅವಳ ಹೆಗಲು ತಟ್ಟಿದ.

"ಮುಟ್ಟಬೇಡ ನನ್ನ!" ಅವಳು ಕೈ ತಳ್ಳಿದಳು. ಈಗ ಸಮಾಧಾನ ಮಾಡೋಕೆ ಬಂದನಾ?

ಅವನು ಬಾಯಿ ತೆರೆದ.

"ಬಾಯಿ ಮುಚ್ಚು. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಯಾಕೆ ಹೇಳ್ದೆ ಅವರಿಗೆಲ್ಲ?"

ಅವನು ಅವಳ ಹೆಗಲಾಚೆಗೊಮ್ಮೆ ನೋಡಿದ. ಮತ್ತೆ ಅವಳ ಮುಖ ನೋಡಿದ. ದೊಡ್ಡದೊಂದು ಉಸಿರು ಬಿಟ್ಟ.

"ನಾನು ಹೇಳ್ಲಿಲ್ಲ. ನೀನೇ ಹೇಳಿದ್ದು."

"ನಾನಾ?"

"ನಾನು ನಗ್ತಿರೋ ಫೋಟೋ ಒಂದು ಹಾಕಿದ್ಯಲ್ಲ ನೆಟ್ಟಲ್ಲಿ, ಎಲ್ಲರೂ ನೋಡೋ ಹಾಗೆ. ನನ್ನ ಕಿವಿ ಪಕ್ಕ ಸೇತುವೆ ಕಂಬ ಕಾಣ್ತಿತ್ತು."

ಆ ಕಂಬಕ್ಕೆ ಸಿಮೆಂಟಿನ ತೇಪೆಯಿದೆ. ರೈಲು ಹುಚ್ಚಿನವರಿಗೆ ಅಷ್ಟು ಸಾಕು. ಕಂಬದ ತೇಪೆ, ನೆರಳು ಬಿದ್ದ ದಿಕ್ಕು, ಇವೆರಡರಿಂದಲೇ ಯಾವ ಬೆಟ್ಟದ ಯಾವ ಬಂಡೆ ಎಂದು ಹೇಳಿಬಿಡುತ್ತಾರೆ. ಅವಳೇ ಎಷ್ಟೋ ಜಾಗಗಳನ್ನು ಹಾಗೆ ಹುಡುಕಿದ್ದಳು! ಆದರೆ ಆ ಫೋಟೋದಲ್ಲಿ ಅವಳು ಕಂಬವನ್ನು ನೋಡಿಯೇ ಇರಲಿಲ್ಲ. ನೋಡಿದ್ದು ಅವನ ನಗುವನ್ನು ಮಾತ್ರ.

"ಗೊತ್ತಿದ್ರೂ ಬಾಯಿ ಬಿಡ್ಲಿಲ್ವಾ?" ಎಂದಳು.

"ಹೇಳಿದ್ರೆ ನೀನು ಆ ಫೋಟೋನ ಅಳಿಸಿಬಿಡ್ತಿದ್ದೆ. ಮುಖ ಅಂದ್ರೆ ಸಾಕಪ್ಪಾ ಅನ್ನೋಳು ನೀನು. ಯಾರೂ ಹೇಳ್ದೆ, ನಿನ್ನಷ್ಟಕ್ಕೆ ನೀನು ತೆಗೆದಿದ್ದು ನನ್ನದೊಂದೇ ಮುಖ. ಅದು ಹಾಗೇ ಇರ್ಲಿ ಅನ್ನಿಸ್ತು... ಅದಕ್ಕೆ ಮದುವೇನೇ ಮುರೀತೀಯ ಅಂತ ಅಂದ್ಕೊಂಡಿರ್ಲಿಲ್ಲ."

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಕಣ್ಣು ತಪ್ಪಿಸಲೆಂದು ಸೇತುವೆಯ ಕಡೆ ತಿರುಗಿದಳು.

ಕೊನೆಯ ರೈಲಿನ ಕೊನೆಯ ಡಬ್ಬಿ ಬೆಟ್ಟದ ತಿರುವಿನಲ್ಲಿ ಮರೆಯಾಗುತ್ತಿತ್ತು.

ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ತನ್ನ ಪಾಡಿಗೆ ತಾನು ನಿಂತಿತ್ತು. ಅವಳು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಸಿದು ಕೂತಳು.

"ರೈಲು ಬಂತು ಅಂತ ಹೇಳೋಕೆ ಏನಾಗಿತ್ತು ನಿನಗೆ?"

"ಹೆಗಲು ತಟ್ಟಿದೆ, ನೀನು ಕೈ ತಳ್ಳಿದೆ. ಹೇಳೋಕೆ ಹೋದೆ, ಬಾಯಿ ಮುಚ್ಚು ಅಂದೆ." ಅವನು ಸ್ವಲ್ಪ ದೂರದಲ್ಲಿ ಕೂತ. "ಆಮೇಲೆ... ನೀನು ಇಷ್ಟು ದಿನ ಆದ್ಮೇಲೆ ನನ್ನ ಹತ್ರ ಮಾತಾಡ್ತಿದ್ದೆ. ನಿಲ್ಸೋಕೆ ಮನಸ್ಸು ಬರ್ಲಿಲ್ಲ."

ಅವಳು ಹತ್ತಿರ ಸರಿದು ಅವನ ತೋಳಿಗೆ ಒಂದು ಗುದ್ದಿದಳು. ಇನ್ನೊಂದು ಗುದ್ದಲು ಹೋದವಳು ಅದೇ ತೋಳಿಗೆ ಮುಖವಿಟ್ಟು ಅತ್ತಳು. ಹೋದ ರೈಲಿಗಾಗಿ ಅತ್ತದ್ದು ಸ್ವಲ್ಪವೇ. ಇವನನ್ನೂ ಹಾಗೇ ಕಳೆದುಕೊಳ್ಳುತ್ತಿದ್ದೆನಲ್ಲ ಎಂಬ ಭಯಕ್ಕೇ ಹೆಚ್ಚು ಅತ್ತಳು.

"ತಪ್ಪು ನನ್ನದು ಕಣೋ," ಎಂದಳು ಕೊನೆಗೆ. "ಆದ್ರೆ ಸಿಟ್ಟು ಇನ್ನೂ ಇಳಿದಿಲ್ಲ. ಮನೆಗೆ ಬಂದು ಅಪ್ಪನ ಹತ್ರ ನೀನೇ ಮಾತಾಡ್ಬೇಕು. ಇವನ ಮುಖ ನೋಡಲ್ಲ ಅಂತ ಹಾರಾಡಿದೀನಿ. ಈಗ ಏನಂತ ಹೇಳ್ಲಿ ನಾನು?"

"ಬೈತಾರೆ."

"ಬೈಸ್ಕೋ."

ಅವನು ನಕ್ಕ. ಕ್ಯಾಮೆರಾ ಒಳಗಿಟ್ಟು, ಸ್ಟ್ಯಾಂಡು ಮಡಚಿ, ಅವಳ ಚೀಲ ಎತ್ತಿ ಹೆಗಲಿಗೇರಿಸಿಕೊಂಡು, ಬಂಡೆಯ ಅಂಚಿನಲ್ಲಿ ಇಳಿದು ನಿಂತು ಕೈ ಚಾಚಿದ. ಈ ಸಲ ಅವಳು ಆ ಕೈ ಹಿಡಿದಳು.

"ನನ್ನ ಬೈಗುಳಾನೂ ಮುಗಿದಿಲ್ಲ, ತಿಳೀತಾ?"

"ದಾರಿ ಉದ್ದ ಇದೆ. ನಿಧಾನಕ್ಕೆ ಬೈ."