ಕೊಂಬೆ ಕಟ್ಟಿದ ಬಾಗಿಲಾಚೆ

ಆಸ್ಪತ್ರೆಗೆ ಹೋಗಿಬರಲು ಮೋಟಾರುಬೈಕಿಗೆ ನಲವತ್ತು ಸಾವಿರ ರಿಯೆಲ್, ಮೇಲೆ ಒಂದು ದಿನದ ದುಡಿಮೆ ಖೋತಾ. ಊರಿನ ಆರೋಗ್ಯ ಕಾರ್ಯಕರ್ತೆ ನ್ಯೆಲ್ ಹತ್ತಿರ ಮಲೇರಿಯಾ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಆದರೂ ಮೊಂಡುಲ್‌ಕಿರಿ ಪ್ರಾಂತ್ಯದ ಆ ಕಾಡಂಚಿನ ಊರಿನಲ್ಲಿ ಅವಳ ಮೆಟ್ಟಿಲು ಹತ್ತುವವರು ಕಡಿಮೆ.

ಕಾಡಿನಿಂದ ರಾಳ ತರುವ ಬ್ರಾಂಗ್ ಮಾತ್ರ ಜ್ವರವಿಲ್ಲದಿದ್ದರೂ ಬಂದು ರಕ್ತಪರೀಕ್ಷೆಗೆ ಬೆರಳು ಚಾಚುತ್ತಿದ್ದ.

"ಮೈ ತಣ್ಣಗಿದೆಯಲ್ಲೋ, ಕಳ್ಳ!"

"ನೀನು ಕೈ ಹಿಡಿ, ಆಮೇಲೆ ಬಿಸಿಯಾಗುತ್ತೆ..."

ಒಂದು ದಿನ ಅವನು ಸುಡುವ ಮೈಯ ತಂಗಿಯನ್ನು ಹೊತ್ತು ತಂದ. ಪರೀಕ್ಷೆಯಲ್ಲಿ ಮಲೇರಿಯಾ ಕಾಣಲಿಲ್ಲ. ನ್ಯೆಲ್‌ಗೆ ಕಲಿಸಿದ್ದು ಅದೊಂದೇ ರೋಗ. ಮನೆಗೆ ಕಳಿಸಿದಳು. ಐದನೆಯ ದಿನ ಹುಡುಗಿ ತೀರಿಹೋದಳು.

"ಬರಿಗೈಲಿ ಕಳಿಸಿದ್ಯಲ್ಲೇ! ಇನ್ನು ನಮ್ಮ ಮನೆ ಕಡೆ ತಲೆ ಹಾಕ್ಬೇಡ!" ಬ್ರಾಂಗ್ ಕೂಗಿದ.

ಆಮೇಲೆ ಬೇರೆ ಜ್ವರ, ಕೆಮ್ಮು, ಭೇದಿಗೂ ಮದ್ದು ಕೊಡಲು ಮೇಲಿನವರು ಅವಳಿಗೆ ಕಲಿಸಿದರು. ಅವಳ ಮದ್ದಿನ ಪೆಟ್ಟಿಗೆ ತುಂಬಿತು. ಊರವರ ನಂಬಿಕೆ ಮಾತ್ರ ಮುಗಿದಿತ್ತು.

ಮಳೆಗಾಲದಲ್ಲಿ ಬ್ರಾಂಗ್ ಕಾಡಿನಿಂದ ನಡುಗುತ್ತ ಬಂದು ಮಲಗಿದ. ಅವನ ತಾಯಿ ದೈವಕ್ಕೆ ಕೋಳಿ ಬಲಿ ಕೊಟ್ಟು ಬಾಗಿಲಿಗೆ ಹಸಿರು ಕೊಂಬೆ ಕಟ್ಟಿದಳು. ಮೂರು ದಿನ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ನ್ಯೆಲ್ ಪೆಟ್ಟಿಗೆ ಹಿಡಿದು ಅಂಗಳದಲ್ಲೇ ಕುಳಿತಳು. ಎರಡನೆಯ ದಿನ ಒಳಗಿನ ನರಳಾಟ ಮಾತಾಗಿ, ಮಾತು ಬಡಬಡಿಕೆಯಾಯಿತು.

ನಾಳೆಯವರೆಗೆ ಇವನು ಇರುತ್ತಾನಾ?

"ಅಮ್ಮಾ, ಒಂದು ಹನಿ ರಕ್ತ ಸಾಕು..."

"ಹೊರಗಿನವರು ಬಂದ್ರೆ ಬಲಿ ವ್ಯರ್ಥ ಕಣೇ. ನೀನೇನು ಈ ಮನೆಯವಳಾ?"

ನ್ಯೆಲ್ ಎದ್ದು ನಿಂತಳು. ಅಕ್ಕಪಕ್ಕದವರೆಲ್ಲ ನೋಡುತ್ತಿದ್ದರು.

"ಹೌದು! ಈ ಮನೆಯವಳೇ!"

"ಅಬ್ಬಾ, ನಾಚಿಕೆಗೆಟ್ಟವಳೇ! ಯಾವಾಗಿಂದ?"

ಒಳಗಿನಿಂದ ಒಡಕು ದನಿ ಬಂತು.

"ಬಿಡಮ್ಮ ಅವಳನ್ನ... ನಮ್ಮವಳೇ..."

ತಾಯಿ ಬಾಗಿಲಿನಿಂದ ಸರಿದಳು. ಬೆರಳು ಚುಚ್ಚಿ ನೋಡಿದರೆ ಮಲೇರಿಯಾ! ನ್ಯೆಲ್ ಮೊದಲ ಮಾತ್ರೆ ನುಂಗಿಸಿ, ಆಸ್ಪತ್ರೆಗೆ ಒಯ್ಯಲು ಬೈಕಿಗೆ ಹೇಳಿಕಳಿಸಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನನ್ನ ಮೇಲಿನ ಸಿಟ್ಟು ಹೋಯ್ತಾ?"

"ಇಲ್ಲ... ಹೋಗಲ್ಲ."

"ಮತ್ಯಾಕೆ ಒಳಗೆ ಕರೆದೆ?"

"ಸಿಟ್ಟು ಮಾಡ್ಕೊಳ್ಳೋಕಾದ್ರೂ ನೀನು ಬೇಕಲ್ಲೇ..."

ಅವಳಿಗೆ ಅಳು ತಡೆಯಲಾಗಲಿಲ್ಲ.

ಬ್ರಾಂಗ್ ಉಳಿದ. ಸುಗ್ಗಿಯ ನಂತರ ಮದುವೆಯೂ ಆಯಿತು. ಆದರೆ ಅವನು ಮಲಗಿದ್ದ ಆ ಮಳೆಗಾಲದಲ್ಲೇ ಊರಿನ ಇನ್ನೆರಡು ಮನೆಗಳಲ್ಲಿ ಮಕ್ಕಳು ಜ್ವರದಿಂದ ಸತ್ತಿದ್ದವು. ಆ ಮನೆಯವರು ನ್ಯೆಲ್‌ಳನ್ನು ಕರೆದಿರಲಿಲ್ಲ.