ಸಂಘದ ಮುದ್ರೆಯಿದ್ದ ಇಸ್ತ್ರಿ ಪೆಟ್ಟಿಗೆ

ಮಾರ್ಚ್ ಒಂಬತ್ತು, ಬೆಳಗ್ಗೆ ಹತ್ತೂಕಾಲು. ಠಾಣೆಗೆ ಬಂದ ದರ್ಜಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಅವನ ಹೆಂಡತಿ ಹೊಸ ಇಸ್ತ್ರಿ ಪೆಟ್ಟಿಗೆ ಮುಟ್ಟಿದ್ದೇ ತಡ, ಶಾಕ್ ಹೊಡೆದು ಸತ್ತಿದ್ದಳು.

"ತಯಾರಕರ ಸಂಘದ ಮುದ್ರೆ ನೋಡಿಯೇ ತಂದೆ, ಮೇಡಂ. ನಾನೇ ತಂದುಕೊಟ್ಟೆ."

ಇನ್‌ಸ್ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿದರು. ಪಂಚನಾಮೆಯ ಹೊತ್ತಿಗೆ ಎಲೆಕ್ಟ್ರಿಷಿಯನ್ ಪೆಟ್ಟಿಗೆ ಬಿಚ್ಚಿದ. ಶಾಕ್ ತಡೆಯಬೇಕಾದ ಒಳಗಿನ ಅರ್ಥ್ ತಂತಿ ಲೋಹದ ಮೈಗೆ ತಾಗಿಯೇ ಇರಲಿಲ್ಲ.

ವಿದ್ಯುತ್ ಉಪಕರಣಗಳು ಹೇಗಿರಬೇಕೆಂದು ಗೊತ್ತುಮಾಡುವುದು, ಪರೀಕ್ಷಿಸಿ ಮುದ್ರೆ ಕೊಡುವುದು ಆ ಸಂಘದ್ದೇ ಕೆಲಸ. ಸಂಘದ ಕಚೇರಿಯ ಕಡತದಲ್ಲಿ ಈ ಪೆಟ್ಟಿಗೆಯ ವರದಿ ಸಿಕ್ಕಿತು: ಡಿಸೆಂಬರ್ ಹನ್ನೆರಡು, ಹತ್ತರಿಂದ ನಾಲ್ಕರವರೆಗೆ ಪರೀಕ್ಷೆ, ಪಾಸ್. ಕೆಳಗೆ ಪರೀಕ್ಷಕನ ಸಹಿ.

ಹೆಡ್ ಕಾನ್‌ಸ್ಟೇಬಲ್ ವಿದ್ಯುತ್ ಕಚೇರಿಗೆ ಹೋಗಿ ಪತ್ರ ತಂದರು. ಲೈನ್ ರಿಪೇರಿಗಾಗಿ ಅವತ್ತು ಒಂಬತ್ತರಿಂದ ಐದರವರೆಗೆ ಸಂಘದ ಕಚೇರಿಯಿರುವ ಬೀದಿಗೇ ಕರೆಂಟ್ ಇರಲಿಲ್ಲ.

ಪರೀಕ್ಷಕನ ಕೋಣೆಗೆ ಕಿಟಕಿಯಿರಲಿಲ್ಲ. ಇನ್‌ಸ್ಪೆಕ್ಟರಮ್ಮ ಪತ್ರವನ್ನು ಮೇಜಿನ ಮೇಲಿಟ್ಟರು.

"ಜನರೇಟರ್ ಇದೆಯಾ?"

"ಇಲ್ಲ."

"ಮತ್ತೆ ಪರೀಕ್ಷೆ ಹೇಗೆ ಮಾಡಿದ್ರಿ?"

"ಮಾಡ್ಲಿಲ್ಲ, ಮೇಡಂ."

"ಸಹಿ ಹಾಕಿದ್ದೀರಲ್ಲ?"

ಅವನು ಪತ್ರವನ್ನು ಇನ್ನೊಮ್ಮೆ ಓದಿದ. "ಈ ಪೆಟ್ಟಿಗೆ ಮಾಡೋದು ನಮ್ಮ ಭಾವ. ಸಂಘದ ಅಧ್ಯಕ್ಷರೂ ಅವರೇ. ಮೂರು ಸಲ ಫೇಲ್ ಮಾಡಿದೆ. ಮೂರನೇ ಸಲ ಅಕ್ಕನ್ನ ನಮ್ಮನೆ ಬಾಗಿಲಿಗೆ ತಂದು ಬಿಟ್ಟುಹೋದ್ರು. ಮಕ್ಕಳನ್ನ ಅಲ್ಲೇ ಇಟ್ಕೊಂಡ್ರು. ಸಹಿ ಬಿದ್ದ ದಿನ ಬಂದು ಕರ್ಕೊಂಡು ಹೋಗ್ತೀನಿ ಅಂದ್ರು."

"ಠಾಣೆಗೆ ಬರಬಹುದಿತ್ತಲ್ಲ?"

"ಬಂದಿದ್ರೆ ಅವಳಿಗೆ ಮಕ್ಕಳ ಮುಖ ನೋಡೋಕೆ ಬಿಡ್ತಿದ್ರಾ?"

 ಇನ್‌ಸ್ಪೆಕ್ಟರಮ್ಮ ಮೇಜಿನ ಕೆಳಗಿನ ಡ್ರಾಯರ್ ತೆಗೆಸಿದರು. ಮೂರು ಫೇಲ್ ವರದಿಗಳೂ ಅಲ್ಲಿದ್ದವು, ಮೂರರ ಮೇಲೂ 'ಮರುಪರೀಕ್ಷೆ ಮಾಡಿ' ಎಂದು ಅಧ್ಯಕ್ಷರ ಕೈಬರಹ.

"ಇವನ್ನ ಯಾಕೆ ಇಟ್ಕೊಂಡ್ರಿ?"

"ಯಾರಾದ್ರೂ ಬಂದು ಕೇಳ್ತಾರೆ ಅಂತ."

ಮಧ್ಯಾಹ್ನ ಮೂರಕ್ಕೆ ಅವನನ್ನು ಬಂಧಿಸಿದರು. ನಾಲ್ಕೂವರೆಗೆ ಕಾರ್ಖಾನೆಯಲ್ಲಿ ಅಧ್ಯಕ್ಷರನ್ನೂ. ಕೇಸ್ ಡೈರಿಯಲ್ಲಿ ಇನ್‌ಸ್ಪೆಕ್ಟರಮ್ಮ ಬರೆದರು: ಒಂದನೇ ಆರೋಪಿ ಸಹಿ ಹಾಕಿದ್ದು ಅಕ್ಕನ ಸಂಸಾರ ಉಳಿಸಲು. ಬರೆದದ್ದನ್ನು ಮತ್ತೆ ಓದಿದರು. ದರ್ಜಿಯ ಸಂಸಾರದ ಮಾತು ಹಿಂದಿನ ಪುಟದಲ್ಲಿತ್ತು.

ಆರು ಗಂಟೆಗೆ ಪರೀಕ್ಷಕನ ಅಕ್ಕ ಬಂದಳು, ಇಬ್ಬರೂ ಮಕ್ಕಳ ಕೈ ಹಿಡಿದುಕೊಂಡು.

"ಯಾರನ್ನ ನೋಡ್ಬೇಕಮ್ಮ?" ಎಂದರು ಹೆಡ್ ಕಾನ್‌ಸ್ಟೇಬಲ್.

ಲಾಕಪ್ಪಿನ ಒಂದು ಕೋಣೆಯಲ್ಲಿ ತಮ್ಮ, ಪಕ್ಕದ್ದರಲ್ಲಿ ಗಂಡ. ಅವಳು ಬಾಗಿಲಲ್ಲೇ ನಿಂತಳು.